ಅಗಿಯುವ ಮಗುವನ್ನು ಗದರುವ ಮುನ್ನ

ಎಂಟು ತಿಂಗಳ ಕೂಸು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಂಡರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಹಲ್ಲು ಬರುವ ಕಾಲ, ಸಹಜ. ಅದೇ ಮಗು ನಾಲ್ಕೈದು ವರ್ಷಕ್ಕೆ ಅಂಗಿಯ ಕಾಲರ್, ಪೆನ್ಸಿಲ್, ಬಾಟಲಿಯ ಮುಚ್ಚಳ ಅಗಿಯತೊಡಗಿದರೆ ಗದರಿಕೆ ಶುರುವಾಗುತ್ತದೆ. ಕೆಲವರು ಬೇವಿನ ರಸವನ್ನೂ ಹಚ್ಚುತ್ತಾರೆ. ಎರಡೂ ಬೇಡ. ಹೆದರಿದ ಮಗು ಬಿಡುವುದಿಲ್ಲ, ಕದ್ದು ಅಗಿಯುತ್ತದೆ.

ಮೊದಲು ಒಂದು ವಾರ ಗಮನಿಸಿ ಬರೆದಿಡಿ: ಏನನ್ನು ಅಗಿಯಿತು, ಯಾವ ಹೊತ್ತಿನಲ್ಲಿ, ಅಗಿದು ಬಿಟ್ಟಿತೋ ನುಂಗಿತೋ. ಟಿ.ವಿ. ಮುಂದೆಯೋ, ಹೋಮ್‌ವರ್ಕ್ ಹೊತ್ತಿಗೋ, ಶಾಲೆಯ ಆಟೊದಲ್ಲೋ ಎಂಬುದು ತಿಳಿದರೆ ಅರ್ಧ ಕಾರಣ ಸಿಕ್ಕಂತೆ. ಹೈದರಾಬಾದಿನ ಕನ್ನಡ ಮನೆಗಳ ಮಕ್ಕಳಿಗೆ ಇನ್ನೊಂದು ಒತ್ತಡವೂ ಇರಬಹುದು. ಮನೆಯಲ್ಲಿ ಕನ್ನಡವಷ್ಟೇ ಕೇಳಿದ ಮಗು ಜೂನ್‌ನಲ್ಲಿ ಶಾಲೆಗೆ ಕಾಲಿಟ್ಟೊಡನೆ ತೆಲುಗು, ಹಿಂದಿ, ಇಂಗ್ಲಿಷ್ ಮಾತಿನ ನಡುವೆ ಕೂರಬೇಕು. ಅಂಥ ಮಗುವಿನ ಕಾಲರ್ ದಿನವೂ ಒದ್ದೆಯಾಗಿದ್ದರೆ ಟೀಚರ್ ಜೊತೆ ಮಾತಾಡಿ. ಮಲಗುವ ಮುನ್ನ ಪಕ್ಕದಲ್ಲಿ ಕೂತು ಶಾಲೆಯ ಸುದ್ದಿ ಕೇಳಿ.

ಕಿತ್ತುಕೊಂಡರೆ ಸಾಲದು, ಬದಲಿಗೆ ಏನಾದರೂ ಕೊಡಬೇಕು. ಶಾಲೆಯಿಂದ ಬಂದ ಕೂಡಲೇ ಜೋಳದ ಕಡಕ್ ರೊಟ್ಟಿ, ಸೌತೆಕಾಯಿ, ಬೀಜ ತೆಗೆದ ಸೀಬೆಹಣ್ಣು ಕೊಡಿ. ದವಡೆಗೆ ಕೆಲಸ ಸಿಗಲಿ. ಹಸಿ ಕ್ಯಾರೆಟ್ ತುಂಡು, ಇಡೀ ಶೇಂಗಾ ನಾಲ್ಕು ವರ್ಷದೊಳಗಿನವರಿಗೆ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ಟಿ.ವಿ. ಮುಂದೆ ಅಗಿಯುವ ಮಗುವಿನ ಕೈಗೆ ನಾದಲು ಚಪಾತಿ ಹಿಟ್ಟಿನ ಉಂಡೆ ಕೊಟ್ಟು ನೋಡಿ.

ನುಂಗುವ ಮಗುವಿನ ಮಾತೇ ಬೇರೆ. ಎರಡು ವರ್ಷ ದಾಟಿದ ಮೇಲೂ ತಿಂಗಳುಗಟ್ಟಲೆ ಮಣ್ಣು, ಸೀಮೆಸುಣ್ಣ, ಗೋಡೆಯ ಚಕ್ಕೆ ತಿನ್ನುತ್ತಿದ್ದರೆ ಅದನ್ನು ವೈದ್ಯರು ಪೈಕಾ ಎನ್ನುತ್ತಾರೆ. ಎಷ್ಟೋ ಸಲ ಇದರ ಜೊತೆಗೆ ಕಬ್ಬಿಣದ ಕೊರತೆ ಇರುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ತೆಲಂಗಾಣದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 70ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿದೆ. ಹಳೆಯ ಬಣ್ಣದ ಚಕ್ಕೆಯಲ್ಲಿ ಸೀಸವೂ ಇರಬಹುದು. ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಿ. ಹೈದರಾಬಾದಿನ ರೆಡ್ ಹಿಲ್ಸ್‌ನಲ್ಲಿ ನಿಲೋಫರ್ ಸರ್ಕಾರಿ ಮಕ್ಕಳ ಆಸ್ಪತ್ರೆಯೂ ಇದೆ. ರಕ್ತಪರೀಕ್ಷೆಗೆ ಮೊದಲು ಟಾನಿಕ್ ತಂದು ಕುಡಿಸಬೇಡಿ. ಈ ಊರಿನ ಒಂದು ರೂಢಿಯನ್ನಂತೂ ಬಿಡಲೇಬೇಕು: ಮಗುವಿಗೆ ಚಹಾದಲ್ಲಿ ಬಿಸ್ಕತ್ತು ಅದ್ದಿ ಕೊಡುವುದು. ಊಟದಲ್ಲಿನ ಕಬ್ಬಿಣ ಮೈಗೆ ಹತ್ತದಂತೆ ಚಹಾ ತಡೆಯುತ್ತದೆ. ಬೇಳೆ, ಸೊಪ್ಪಿನ ಪಲ್ಯದ ಮೇಲೆ ನಿಂಬೆರಸ ಹಿಂಡಿದರೆ ಹೆಚ್ಚು ಹತ್ತುತ್ತದೆ.

ಅಗಿಯುವುದರ ಜೊತೆಗೆ ಮಾತು ತಡವಾಗಿದ್ದರೆ, ಹೆಸರು ಕರೆದರೂ ತಿರುಗದಿದ್ದರೆ ಬೆಳವಣಿಗೆಯ ತಪಾಸಣೆ ಆಗಬೇಕು. ಸಿಕಂದರಾಬಾದಿನ ಮನೋವಿಕಾಸ ನಗರದಲ್ಲಿ ಬೌದ್ಧಿಕ ಅಂಗವಿಕಲರಿಗಾಗಿ ಇರುವ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಂಸ್ಥೆಯಲ್ಲಿ ಇದಕ್ಕೆ ವ್ಯವಸ್ಥೆ ಇದೆ.

ಕೊನೆಗೆ ಮನೆಯನ್ನು ಮಗುವಿನ ಎತ್ತರದಲ್ಲಿ ಕೂತು ನೋಡಿ. ಲಾಡ್ ಬಜಾರಿನ ಅರಗಿನ ಬಳೆಯಿಂದ ಉದುರುವ ಹರಳು, ನಾಣ್ಯ, ಅಯಸ್ಕಾಂತದ ಗುಂಡು ಕೈಗೆ ಸಿಗಬಾರದು. ಎಲ್ಲಕ್ಕಿಂತ ಅಪಾಯದ್ದು ಗುಂಡಿಯಂಥ ಚಪ್ಪಟೆ ಬ್ಯಾಟರಿ. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಸುಡುತ್ತದೆ. ನುಂಗಿದ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಬೇಡಿ, 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೊರಡಿ. ಇಂದೇ ಮನೆಯ ರಿಮೋಟ್, ಹಾಡುವ ಆಟಿಕೆಗಳ ಬ್ಯಾಟರಿ ಮುಚ್ಚಳ ಪರೀಕ್ಷಿಸಿ, ಸಡಿಲವಿದ್ದರೆ ಟೇಪ್ ಸುತ್ತಿಡಿ.