ಗೂಡಿಗೆ ಮರಳುವ ಹಕ್ಕಿಯ ಪ್ರಶ್ನೆ

ವಿಜ್ಞಾನದ ಕೆಲವು ಮಾತುಗಳನ್ನು ಜನ ಯಾಕೆ ಒಪ್ಪುವುದಿಲ್ಲ? ‘ಅಜ್ಞಾನ, ಮೂಢನಂಬಿಕೆ’ ಅಂತ ಥಟ್ಟನೆ ಹೇಳಿಬಿಡುತ್ತೇವೆ. ಆ ಉತ್ತರ ಸಾಲದು ಅನ್ನುವುದಕ್ಕೆ ನಮ್ಮ ದೇಶದ್ದೇ ಒಂದು ನಿದರ್ಶನವಿದೆ.

ಕ್ರಿ.ಶ. 499ರ ‘ಆರ್ಯಭಟೀಯ’ದಲ್ಲಿ ಆರ್ಯಭಟ, ತಿರುಗುವುದು ಭೂಮಿಯೇ ಹೊರತು ನಕ್ಷತ್ರಗಳಲ್ಲ ಎಂದ. ದೋಣಿಯಲ್ಲಿ ಮುಂದೆ ಸಾಗುವವನಿಗೆ ದಡದಲ್ಲಿ ನಿಂತದ್ದೆಲ್ಲ ಹಿಂದಕ್ಕೆ ಓಡಿದಂತೆ ಕಾಣುತ್ತದಲ್ಲ, ಹಾಗೆ. ಇದನ್ನು ಒಪ್ಪದವರಲ್ಲಿ ದೊಡ್ಡ ವಿದ್ವಾಂಸರೇ ಇದ್ದರು. ಭೂಮಿ ತಿರುಗಿದರೆ ಮೇಲೆ ಹಾರಿದ ಹಕ್ಕಿ ಗೂಡಿಗೆ ಮರಳುವುದು ಹೇಗೆ ಎಂದು 6ನೆಯ ಶತಮಾನದ ವರಾಹಮಿಹಿರ ಕೇಳಿದ. ಎತ್ತರದ ವಸ್ತುಗಳು ಯಾಕೆ ಉರುಳುವುದಿಲ್ಲ ಎಂದು 628ರಲ್ಲಿ ಬ್ರಹ್ಮಗುಪ್ತ ಕೇಳಿದ. ಸಾಹಿತ್ಯದ ವಿದ್ಯಾರ್ಥಿಗಳು ಗಮನಿಸಬೇಕಾದ ಪಾಠಾಂತರವೂ ಒಂದಿದೆ. ಬ್ರಹ್ಮಗುಪ್ತ ಉದ್ಧರಿಸುವ ಆರ್ಯಭಟನ ಮಾತಿನಲ್ಲಿ ಚಲಿಸುವುದು ‘ಭೂಃ’, ಅಂದರೆ ಭೂಮಿ. ವ್ಯಾಖ್ಯಾನಕಾರರು ಉಳಿಸಿಕೊಂಡ ಪಾಠದಲ್ಲಿ ಅದು ‘ಭಂ’, ಅಂದರೆ ನಕ್ಷತ್ರಮಂಡಲ. ಒಂದೇ ಅಕ್ಷರ ಬದಲಾಯಿತು, ಭೂಮಿ ನಿಂತುಬಿಟ್ಟಿತು!

ಹಾಗಂತ ಆ ಪ್ರಶ್ನೆಗಳು ದಡ್ಡ ಪ್ರಶ್ನೆಗಳಲ್ಲ. ಮುಂಬಯಿಯ ನೆಲ ಗಂಟೆಗೆ ಸುಮಾರು 1,580 ಕಿ.ಮೀ. ವೇಗದಲ್ಲಿ ಸುತ್ತುತ್ತಿದೆ ಅಂದರೆ ಯಾರಿಗೆ ತಾನೇ ನಂಬಿಕೆ ಬಂದೀತು? ಗಾಡಿ ಓಡಿದರೆ ಕುಲುಕುತ್ತೆ, ಗಾಳಿ ಮುಖಕ್ಕೆ ಬಡಿಯುತ್ತೆ. ಚಲನೆ ಅಂದರೆ ಹೀಗೇ ಅಂತ ನಮ್ಮ ಮೈಯೇ ನಮಗೆ ಕಲಿಸಿದೆ. ಆ ಅನುಭವ ಸುಳ್ಳಲ್ಲ. ಆದರೆ ಕುಲುಕುವುದು ವೇಗದಿಂದಲ್ಲ, ವೇಗ ಬದಲಾಗುವುದರಿಂದ. ಗಾಳಿ ಬಡಿಯುವುದು ಅದು ನಮ್ಮ ಜೊತೆ ಬರದೇ ಇರುವುದರಿಂದ. ಭೂಮಿಯಾದರೋ ಸಮವೇಗದಲ್ಲಿ ತಿರುಗುತ್ತದೆ, ತನ್ನ ಗಾಳಿಯನ್ನೂ ಜೊತೆಗೇ ಒಯ್ಯುತ್ತದೆ.

ಉತ್ತರವೂ ಅನುಭವದಲ್ಲೇ ಇದೆ. ಲೋಕಲ್ ಗಾಡಿ ಒಂದೇ ವೇಗದಲ್ಲಿ, ಗಂಟೆಗೆ 72 ಕಿ.ಮೀ. ಓಡುತ್ತಿರುವಾಗ ಕೈಯಿಂದ ನಾಣ್ಯ ಬಿಡಿ. ಅದು ಬೀಳಲು ಸುಮಾರು ಅರ್ಧ ಸೆಕೆಂಡು ಬೇಕು. ಅಷ್ಟರಲ್ಲಿ ಗಾಡಿ 10 ಮೀಟರ್ ಮುಂದೆ ಹೋಗಿರುತ್ತದೆ. ಆದರೂ ನಾಣ್ಯ ಬೀಳುವುದು ನಿಮ್ಮ ಕಾಲ ಬುಡದಲ್ಲೇ. ಗಾಡಿಯ ವೇಗ ಅದಕ್ಕೂ ಮೊದಲೇ ಬಂದಿದೆ. ಹಕ್ಕಿಯದೂ ಇದೇ ಕಥೆ. 1632ರಲ್ಲಿ ಗೆಲಿಲಿಯೊ, ಸಾಗುವ ಹಡಗಿನ ಕೋಣೆಯೊಳಗೆ ಹಾರುವ ಚಿಟ್ಟೆಗಳ ಉದಾಹರಣೆ ಕೊಟ್ಟು ಇದನ್ನೇ ವಿವರಿಸಿದ. ಆರ್ಯಭಟನ ದೋಣಿಯಲ್ಲೇ ಈ ಉತ್ತರವೂ ಅಡಗಿತ್ತು!

ನಾವು ವಿಜ್ಞಾನ ಓದುವುದು ಇಂಗ್ಲಿಷಿನಲ್ಲಿ. ರಜೆಗೆ ಊರಿಗೆ ಹೋದಾಗ ಅಜ್ಜಿ ಈ ಹಕ್ಕಿಯ ಪ್ರಶ್ನೆ ಕೇಳಿದರೆ ‘ಇನರ್ಷಿಯಾ’ ಅಂದು ನಕ್ಕರೆ ಅದು ಉತ್ತರವಾಗದು. ‘ಜಡತ್ವ’ ಅಂದರೂ ಆಗದು. ನಾಣ್ಯ ಬೀಳಿಸಿ ತೋರಿಸಬೇಕು.

ಅಭ್ಯಾಸ: ನಿಂತ ಬಸ್ಸು ತಟ್ಟನೆ ಹೊರಟಾಗ ನಾವು ಹಿಂದಕ್ಕೆ ವಾಲುವುದೇಕೆ? ಪಾರಿಭಾಷಿಕ ಪದ ಬಳಸದೆ, ಐದು ವಾಕ್ಯಗಳಲ್ಲಿ, ಕನ್ನಡದಲ್ಲಿ ಬರೆಯಿರಿ.