ಇಲಿ ಕಡಿದ ಇನ್ವರ್ಟರ್ ವೈರು: ಒಂದು ತಪ್ಪು, ಹಲವು ಪಾಠ

ನಮ್ಮ ವಿಜಯಪುರ ಜಿಲ್ಲೆಯೊಳಗ ಕರೆಂಟ್ ತಯಾರಾಗಲಿಕ್ಕೆ ಕೊರತೆ ಇಲ್ಲ. ಬಸವನ ಬಾಗೇವಾಡಿ ಕಡೆ ಆಲಮಟ್ಟಿಯಲ್ಲಿ 290 ಮೆಗಾವಾಟಿನ ನೀರಿನ ಸ್ಥಾವರ, ಕೂಡಗಿಯಲ್ಲಿ 2400 ಮೆಗಾವಾಟಿನ ಕಲ್ಲಿದ್ದಲಿನ ಸ್ಥಾವರ ಇವೆ. ಆದರೂ ವೈಶಾಖದ ಗಾಳಿಗೆ ಒಂದು ಕಂಬ ಬಿದ್ದರೆ ಹೊಲದ ಮನೆಗೆ ರಾತ್ರಿಯೆಲ್ಲ ಕತ್ತಲೆ. ಅದಕ್ಕೇ ಇಂಡಿ, ಸಿಂದಗಿ, ಮುದ್ದೇಬಿಹಾಳ ಕಡೆ ಒಣಬೇಸಾಯದವರ ಮನೆಯಲ್ಲೂ ಈಗ ಇನ್ವರ್ಟರ್ ಬಂದಿದೆ. ತರುವಾಗ ಗ್ಯಾರಂಟಿ ಎಷ್ಟು ವರ್ಷ ಅಂತ ಕೇಳುತ್ತೇವೆ. ವೈರು ಕೆಟ್ಟರೆ ಏನು ಮಾಡಬೇಕು ಅಂತ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ.

ನಾನು ಮಾಡಿದ ತಪ್ಪು

ಹಿಂಗಾರಿ ಜೋಳ ರಾಶಿ ಮಾಡಿ ಚೀಲಗಳನ್ನು ಬ್ಯಾಟರಿ ಪಕ್ಕದಲ್ಲೇ ಒಟ್ಟಿದ್ದೆ. ಜೋಳದ ಬೆನ್ನಿಗೆ ಇಲಿ ಬಂದವು. ಬ್ಯಾಟರಿಯ ಎರಡೂ ವೈರಿನ ಮೇಲಿನ ರಬ್ಬರ್ ಕಡಿದು ತಾಮ್ರ ಕಾಣುವಂತೆ ಮಾಡಿದವು. ಮಗಳಿಗೆ ಮರುದಿನ ಹತ್ತನೇತ್ತೆಯ ಪರೀಕ್ಷೆ. ಕರೆಂಟ್ ಇರಲಿಲ್ಲ. ಬೋರಿನ ಮೋಟರಿಗೆ ತಂದು ಉಳಿದಿದ್ದ ಕರಿ ವೈರು ಎರಡು ತುಂಡು ಮಾಡಿ ಬ್ಯಾಟರಿ ಬೆಳಕಿನಲ್ಲಿ ಕಟ್ಟಿದೆ. ಎರಡೂ ಒಂದೇ ಬಣ್ಣ. ಪ್ಲಸ್ಸಿನದು ಮೈನಸ್ಸಿಗೆ ಹೋಯಿತು. ಫಟ್ ಅಂತ ಕಿಡಿ ಹಾರಿ, ಫ್ಯೂಸ್ ಹೋಗಿ, ಸುಟ್ಟ ವಾಸನೆ ಬಂತು.

ಅದಕ್ಕಿಂತ ದೊಡ್ಡ ತಪ್ಪು ಮುಂದಿತ್ತು. ಫ್ಯೂಸಿನ ಜಾಗಕ್ಕೆ ದಪ್ಪ ತಾಮ್ರದ ತಂತಿ ಸುತ್ತಲು ಹೊರಟೆ. ಅಣ್ಣನ ಮಗ ಕೈ ಹಿಡಿದ: ‘ಕಾಕಾ, ಫ್ಯೂಸ್ ಯಾಕ ಹೋತು ಅಂತ ಮೊದಲ ನೋಡು.’ ಮಗಳು ಕಂದೀಲಿನ ಬೆಳಕಿನಲ್ಲೇ ಓದಿದಳು. ಮರುದಿನ ಮೆಕ್ಯಾನಿಕ್ ಬಿಚ್ಚಿ ತೋರಿಸಿದ. ಒಳಗೆ ಮಾಸ್‌ಫೆಟ್ ಎಂಬ ಸಣ್ಣ ಭಾಗಗಳು ಸುಟ್ಟಿದ್ದವು. ಅವು ಬಾವಿಯ ಫುಟ್‌ವಾಲ್ವ್ ಇದ್ದಂತೆ: ಸರಿಯಾದ ದಿಕ್ಕಿನಿಂದ ಬಂದದ್ದನ್ನು ತಡೆದು ಬಿಡುತ್ತವೆ, ತಿರುವಿ ಕೊಟ್ಟರೆ ಬಾಗಿಲು ತಾನೇ ತೆರೆದು ಕರೆಂಟ್ ಒಮ್ಮೆಲೆ ನುಗ್ಗುತ್ತದೆ. ‘ತಂತಿ ಸುತ್ತಿದ್ದರ ಬೋರ್ಡ್ ಅಲ್ಲ, ಜೋಳದ ಜೋಡಿ ಮನೀನೂ ಹೋಗತಿತ್ತು’ ಅಂದ.

12 ವೋಲ್ಟ್ ಅಂತ ಸಸಾರ ಬೇಡ

12 ವೋಲ್ಟ್ ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ, ನಿಜ. ಆದರೆ ಸುಡುತ್ತದೆ. 600 ವಾಟ್ ಲೋಡಿಗೆ 230 ವೋಲ್ಟಿನ ಮನೆ ವೈರಿನಲ್ಲಿ 3 ಆಂಪಿಯರಿಗಿಂತ ಕಡಿಮೆ ಹರಿಯುತ್ತದೆ. ಅದೇ ಲೋಡಿಗೆ 12 ವೋಲ್ಟಿನ ಬ್ಯಾಟರಿ ವೈರಿನಲ್ಲಿ 50 ಆಂಪಿಯರಿಗೂ ಹೆಚ್ಚು. ಅದಕ್ಕೇ ಬ್ಯಾಟರಿ ವೈರು ಅಷ್ಟು ದಪ್ಪ. ಅದರ ಜಾಗಕ್ಕೆ ಸಣ್ಣ ವೈರು ಹಾಕಿದರೆ ಒಲೆಯ ತಂತಿಯಂತೆ ಕಾಯುತ್ತದೆ. ಸ್ಪ್ಯಾನರ್ ಎರಡು ಟರ್ಮಿನಲ್ ಮೇಲೆ ಅಡ್ಡ ಬಿದ್ದರಂತೂ ಸಾವಿರಕ್ಕೂ ಹೆಚ್ಚು ಆಂಪಿಯರ್ ಹರಿದು ಕಬ್ಬಿಣವೇ ಕರಗುತ್ತದೆ.

ವೈರು ಕೆಟ್ಟಾಗ ಮಾಡುವ ಕೆಲಸ, ಒಂದರ ಹಿಂದೊಂದು

1. ಕರೆಂಟ್ ಇರಲಿ ಬಿಡಲಿ, ಇನ್ವರ್ಟರಿಗೆ ಹೋಗುವ ಮೇನ್ ಸ್ವಿಚ್ ಮತ್ತು ಇನ್ವರ್ಟರ್ ಎರಡನ್ನೂ ಬಂದ್ ಮಾಡಿ. ಕಂಬದ ಕರೆಂಟ್ ಇಲ್ಲದಿದ್ದರೂ ಇನ್ವರ್ಟರಿನಿಂದ ಹೊರಗೆ ಬರುವುದು 230 ವೋಲ್ಟ್, ಅದು ಕೊಲ್ಲುತ್ತದೆ.

2. ಸೋಲಾರ್ ಪ್ಲೇಟ್ ಇದ್ದರೆ ಅದರ ವೈರು ಮೊದಲು ಬಿಚ್ಚಿ. ಮರಳಿ ಜೋಡಿಸುವಾಗ ಬ್ಯಾಟರಿ ಮೊದಲು, ಪ್ಲೇಟ್ ಕೊನೆಗೆ.

3. ಉಂಗುರ, ಗಡಿಯಾರ, ಕೈಕಡಗ ತೆಗೆದಿಡಿ. ಸ್ಪ್ಯಾನರ್ ಹಿಡಿಕೆಗೆ ಟೇಪ್ ಸುತ್ತಿ. ಕಿಟಕಿ ತೆರೆಯಿರಿ, ಬೀಡಿ ಬ್ಯಾಡ. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಗ್ಯಾಸ್ ಬರುತ್ತದೆ, ಕಿಡಿ ತಾಗಿದರೆ ಸಿಡಿಯುತ್ತದೆ.

4. ಬಿಚ್ಚುವಾಗ ಮೈನಸ್ ಮೊದಲು, ಆಮೇಲೆ ಪ್ಲಸ್. ಕಟ್ಟುವಾಗ ಪ್ಲಸ್ ಮೊದಲು, ಮೈನಸ್ ಕೊನೆಗೆ.

5. ಕಡಿದ ಬ್ಯಾಟರಿ ವೈರಿಗೆ ನಡುವೆ ಗಂಟು ಹಾಕಬೇಡಿ. ಮೊದಲಿನಷ್ಟೇ ದಪ್ಪದ, ಮೊದಲಿನಷ್ಟೇ ಉದ್ದದ ತಾಮ್ರದ ವೈರು ಲಗ್ ಒತ್ತಿಸಿ ತನ್ನಿ. ಪ್ಲಸ್ಸಿಗೆ ಕೆಂಪು, ಮೈನಸ್ಸಿಗೆ ಕಪ್ಪು. ಕೆಂಪು ಸಿಗದಿದ್ದರೆ ಎರಡೂ ತುದಿಗೆ ಕೆಂಪು ಟೇಪಾದರೂ ಸುತ್ತಿ.

6. ಕಟ್ಟುವ ಮೊದಲು ಮೀಟರ್ ಹಿಡಿದು ನೋಡಿ. ಡಿಸಿ 20 ವೋಲ್ಟಿಗೆ ಇಟ್ಟು ಕೆಂಪು ಮುಳ್ಳು ಪ್ಲಸ್ಸಿಗೆ, ಕಪ್ಪು ಮೈನಸ್ಸಿಗೆ. ಅಂಕಿಯ ಹಿಂದೆ ಮೈನಸ್ ಗುರುತು ಬಂದರೆ ತಿರುವು ಮುರುವು ಆಗಿದೆ ಎಂದು ತಿಳಿಯಿರಿ. ತುಂಬಿದ ಬ್ಯಾಟರಿ ಚಾರ್ಜ್ ನಿಂತು ಕೆಲವು ತಾಸಾದ ಮೇಲೆ 12.6ರ ಆಸುಪಾಸು ತೋರಿಸುತ್ತದೆ.

7. ಫ್ಯೂಸ್ ಹೋಗಿದ್ದರೆ ಅದೇ ಆಂಪಿಯರಿನದು ಹಾಕಿ. ಕೊನೆಯ ವೈರು ತಾಗಿಸುವಾಗ ಸಣ್ಣ ಕಿಡಿ ಬರುವುದು ಸಹಜ. ಫ್ಯೂಸ್ ಮತ್ತೆ ಹೋದರೆ ಅಲ್ಲಿಗೇ ನಿಲ್ಲಿಸಿ. ದೋಷ ಒಳಗಿದೆ. ಡಬ್ಬಿ ನೀವು ಬಿಚ್ಚಬೇಡಿ, ಬಂದ್ ಮಾಡಿದ ಮೇಲೂ ಒಳಗಿನ ಕೆಪಾಸಿಟರ್ ಕರೆಂಟ್ ಹಿಡಿದಿರುತ್ತದೆ.

ಇನ್ನೊಬ್ಬರ ಜೀವದ ಮಾತು

ಇನ್ವರ್ಟರಿನಿಂದ ಹೊರಡುವ ಫೇಜನ್ನು ಕಂಬದಿಂದ ಬರುವ ಫೇಜಿಗೆ ಯಾವ ಕಾರಣಕ್ಕೂ ಕೂಡಿಸಬೇಡಿ. ಕರೆಂಟ್ ಬಂದ ಕೂಡಲೇ ಇನ್ವರ್ಟರ್ ಸುಡುತ್ತದೆ. ಅದು ರೊಕ್ಕದ ಮಾತಾಯಿತು. ಕರೆಂಟ್ ಇಲ್ಲದಾಗ ನಮ್ಮ ಇನ್ವರ್ಟರಿನದು ಉಲ್ಟಾ ಕಂಬಕ್ಕೆ ಹೋದರೆ, ಲೈನ್ ಬಂದ್ ಐತಿ ಅಂತ ನಂಬಿ ಮೇಲೆ ಹತ್ತಿದ ಲೈನ್‌ಮನ್‌ನ ಜೀವ ಹೋದೀತು.

ಮತ್ತೆ ಆಗದ ಹಾಗೆ

ಕಾಳಿನ ಚೀಲ, ಕಣಕಿ ಬ್ಯಾಟರಿಯಿಂದ ದೂರ ಇರಲಿ. ವೈರು ಪಿವಿಸಿ ಪೈಪಿನೊಳಗೆ ಹಾಯಲಿ, ಪೈಪಿನ ಬಾಯಿ ಮುಚ್ಚಿರಲಿ. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಬಿಟ್ಟು ನಮ್ಮ ಸವಳು ಬೋರಿನ ನೀರು ಹಾಕಬೇಡಿ. ಆಸಿಡ್ ಮೈಗೆ ತಾಗಿದರೆ ಬಹಳ ಹೊತ್ತು ನೀರು ಸುರಿಯಿರಿ, ಕಣ್ಣಿಗೆ ಬಿದ್ದರೆ ನೀರಿನಿಂದ ತೊಳೆದು ದವಾಖಾನೆಗೆ ಹೋಗಿ. ನಮ್ಮ ಎರಿ ಭೂಮಿ ಬೇಸಿಗೆಗೆ ಬಿರಿದು ಅರ್ಥಿಂಗ್ ಸಡಿಲಾಗುತ್ತದೆ. ಆ ಗುಂಡಿಗೆ ಆಗಾಗ ಒಂದು ಕೊಡ ನೀರು ಹಾಕಿ.

ನನಗೆ ಬೋರ್ಡ್ ರಿಪೇರಿಗೆ 2800 ರೂಪಾಯಿ ಹೋಯಿತು. ಆ ರಾತ್ರಿ ಬಿಟ್ಟು ಹಗಲು ಮಾಡಿದ್ದರೆ ಎರಡು ವೈರಿನ ಖರ್ಚಿನಲ್ಲಿ ಮುಗಿಯುತ್ತಿತ್ತು. ಕತ್ತಲೆಯಲ್ಲಿ, ಅವಸರದಲ್ಲಿ ಬ್ಯಾಟರಿ ಮುಟ್ಟಬ್ಯಾಡ್ರಿ. ಒಂದು ರಾತ್ರಿ ಕಂದೀಲು ಹಚ್ಚಿದರೆ ಯಾರೂ ಸಣ್ಣವರಾಗೋದಿಲ್ಲ.