ಒಂದು ಗೇಣು ನೀರು

2024ರ ಮಾರ್ಚ್‌ನಲ್ಲಿ ಮುಂಬೈನ ವಡಾಲಾದ ಮಹರ್ಷಿ ಕರ್ವೆ ಉದ್ಯಾನದ ನೀರಿನ ಟ್ಯಾಂಕಿಗೆ ಬಿದ್ದು 4 ಮತ್ತು 5 ವರ್ಷದ ಅಣ್ಣತಮ್ಮಂದಿರು ತೀರಿಕೊಂಡಾಗ, ಪಕ್ಕದ ನಮ್ಮ ಆಂಟಾಪ್ ಹಿಲ್‌ನ ಗಲ್ಲಿಯಲ್ಲೆಲ್ಲ ಅದೇ ಮಾತು. ಟ್ಯಾಂಕಿನ ಬಾಯಿಗೆ ಗಟ್ಟಿ ಮುಚ್ಚಳವಿರಲಿಲ್ಲ, ಬರೀ ಪ್ಲಾಸ್ಟಿಕ್ ಹಾಳೆ. ಬಾಂಬೆ ಹೈಕೋರ್ಟ್ ತಾನಾಗಿಯೇ ವಿಷಯ ಕೈಗೆತ್ತಿಕೊಂಡಿತು. ನಾನೂ ಹಿಡಿಶಾಪ ಹಾಕಿದೆ. ಹಾಕುವಾಗ ನಮ್ಮ ಬಚ್ಚಲ ಮೋರಿಯಲ್ಲಿ ಬಕೆಟ್ ತೆರೆದೇ ಇತ್ತು.

ನಮ್ಮದು ಒಂದೇ ಖೋಲಿ. ನೀರು ಬರುವುದು ಬೆಳಗಿನ ಜಾವ ತಾಸು ಹೊತ್ತು. ವಿಜಯಪುರದ ಇಂಡಿ ಕಡೆ ಕೊಡ ಹೊತ್ತು ಬೆಳೆದವಳು ನಾನು. ಬಟ್ಟೆ ಜಾಲಿಸಿದ ನೀರನ್ನೂ ಚೆಲ್ಲಲು ಕೈ ಬರುವುದಿಲ್ಲ. "ಕೂಸು ಅಂಬೆಗಾಲು ಇಡಾಕತ್ತೇದ, ಬಕೀಟು ಬೋರಲು ಹಾಕವ್ವ" ಎಂದು ಅತ್ತೆ ಎಷ್ಟು ಸಲ ಅಂದಿದ್ದರೋ. ಅವರು ಅಂದರೆಂದೇ ನಾನು ಹಾಕಲಿಲ್ಲ. ಮೋರಿ ಬಾಗಿಲಿಗೆ ಚಿಲಕ ಹಾಕುತ್ತೇನೆಂದ ಮೈದುನನಿಗೆ ಮೂರು ತಿಂಗಳಾದರೂ ಪುರಸೊತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ ರೊಟ್ಟಿ ಬಡಿಯುತ್ತಿದ್ದೆ. ಹಿಂದೆ ಮಗು ಸ್ಟೀಲ್ ಲೋಟ ಕುಟ್ಟುತ್ತಿತ್ತು. ಸದ್ದು ನಿಂತಿತು. ಮಲಗಿತೇನೋ ಅಂದುಕೊಂಡು ರೊಟ್ಟಿಗೆ ನೀರು ಸವರಿದೆ, ತಿರುವಿದೆ, ಉಬ್ಬಿದ ಮೇಲೆ ಬುಟ್ಟಿಗೆ ಹಾಕಿದೆ. ಆ ಒಂದು ರೊಟ್ಟಿಯ ಹೊತ್ತನ್ನು ಈಗಲೂ ಲೆಕ್ಕ ಹಾಕುತ್ತೇನೆ. ತಿರುಗಿದರೆ ಬಕೆಟ್ಟಿನಿಂದ ಎರಡು ಪಾದ ಮೇಲೆದ್ದಿದ್ದವು. ಲೋಟ ತಳದಲ್ಲಿತ್ತು. ನೀರು ಒಂದು ಗೇಣು. ಕೂಗಿಲ್ಲ, ಒದ್ದಾಡಿದ ಸದ್ದಿಲ್ಲ. ಎತ್ತಿದರೆ ತುಟಿ ನೇರಳೆ.

ಪಕ್ಕದ ಖೋಲಿಯವರು ಕಸಿದುಕೊಂಡು ಕಾಲು ಹಿಡಿದು ತಲೆಕೆಳಗೆ ಮಾಡಿ ಗರಗರ ತಿರುಗಿಸತೊಡಗಿದರು. ಕೊನೇ ಖೋಲಿಯ ನರ್ಸಮ್ಮ ಓಡಿಬಂದು ಬೈದು ಬಿಡಿಸಿ, ನೆಲಕ್ಕೆ ಮಲಗಿಸಿ, ಬಾಯಿ ಮೂಗು ಎರಡನ್ನೂ ತನ್ನ ಬಾಯಿಂದ ಮುಚ್ಚಿ ಉಸಿರು ಊದಿದರು; ಎರಡು ಬೆರಳಿಂದ ಎದೆ ಒತ್ತಿದರು. ಮತ್ತೆ ಊದಿದರು. ಕೊನೆಗೊಂದು ಕೆಮ್ಮು, ಹಾಲು ನೀರು ಕಾರಿಕೊಂಡು ಅಳು. ಆಸ್ಪತ್ರೆಗೆ ಓಡಿದಾಗ ಅಲ್ಲಿನ ಕಿಟಕಿಯಲ್ಲಿ ಕೂತವನು "ಮೊದಲು ಕೇಸ್‌ಪೇಪರ್" ಅಂದದ್ದನ್ನು ಮಾತ್ರ ಮರೆಯಲಾರೆ. ಮಗು ಆಡುತ್ತಿದ್ದರೂ ಶ್ವಾಸಕೋಶ ಆಮೇಲೆ ಕೈಕೊಡಬಹುದೆಂದು ಡಾಕ್ಟರು ಎರಡು ರಾತ್ರಿ ಇರಿಸಿಕೊಂಡರು.

ಹೇಳುವುದಿಷ್ಟೇ. ಈ ವಯಸ್ಸಿನ ಮಕ್ಕಳಿಗೆ ತಲೆಯೇ ಭಾರ. ಬಗ್ಗಿ ಬಿದ್ದರೆ ತಾವಾಗಿ ಏಳಲಾರವು. ಬಳಸಿದ ಬಕೆಟ್ ಬೋರಲಿರಲಿ, ಡ್ರಮ್ಮಿನ ಮುಚ್ಚಳ ಬಿಗಿದಿರಲಿ. ಸದ್ದು ನಿಂತರೆ ರೊಟ್ಟಿ ಸುಡಲಿ, ಮೊದಲು ತಿರುಗಿ ನೋಡಿ. ತಲೆಕೆಳಗೆ ಮಾಡಬೇಡಿ, ಹೊಟ್ಟೆ ಒತ್ತಬೇಡಿ. ಉಸಿರು ಕೊಡಿ, 108ಕ್ಕೆ ಫೋನ್ ಮಾಡಿಸಿ.

ಚಿಲಕ ಮರುದಿನವೇ ಬಂತು. ಅತ್ತೆ ಹೇಳಿದ್ದೇ ಸರಿ; ಇದನ್ನು ಅವರಿಗೆ ಇನ್ನೂ ಹೇಳಿಲ್ಲ.